ವೈದ್ಯರ ನೆನಪಿನ ಪುಸ್ತಕ

ವೈದ್ಯರು ಔಷಧವನ್ನು ಬರೆದುಕೊಡುವ ಮೊದಲು ರೋಗಿಗೆ ಹಲವು ಪ್ರಶ್ನೆಗಳನ್ನು ಕೇಳುತ್ತಾರೆ. ಜ್ವರ ಎಂದಿನಿಂದ ಬರುತ್ತಿದೆ? ಹಿಂದೆ ಯಾವ ಕಾಯಿಲೆಗಳಾಗಿದ್ದವು? ಯಾವುದಾದರೂ ಮದ್ದು ಮೈಗೆ ಒಗ್ಗದೆ ಹೋದದ್ದುಂಟೆ? ಈ ಪ್ರಶ್ನೆಗಳಿಗೆ ದೊರೆಯುವ ಉತ್ತರಗಳೇ ಚಿಕಿತ್ಸೆಯ ತಳಹದಿ. ಪೆನಿಸಿಲಿನ್ ಒಗ್ಗದ ರೋಗಿಗೆ ಅದೇ ಚುಚ್ಚುಮದ್ದನ್ನು ಕೊಟ್ಟರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಒಂದೇ ಊರಿನಲ್ಲಿ ಬಹುಕಾಲ ನೆಲೆಸಿದ ಮನೆವೈದ್ಯರು ಒಂದು ಕುಟುಂಬದ ಮೂರು ತಲೆಮಾರುಗಳ ಆರೋಗ್ಯವನ್ನು ನೆನಪಿನಲ್ಲಿಟ್ಟುಕೊಂಡಿರುತ್ತಾರೆ. ಆದರೆ ಮನುಷ್ಯನ ನೆನಪಿಗೆ ಮಿತಿಯಿದೆ. ವೈದ್ಯರು ಬೇರೆ ಊರಿಗೆ ಹೋದರೆ ಆ ತಿಳಿವಳಿಕೆಯೂ ಅವರೊಡನೆ ಹೊರಟುಹೋಗುತ್ತದೆ. ಆದುದರಿಂದಲೇ ರೋಗಿಯ ವೃತ್ತಾಂತವನ್ನು ಬರೆದಿಡುವ ಪದ್ಧತಿ ಬೆಳೆಯಿತು. ಕಾಗದದ ದಾಖಲೆಗೂ ತೊಡಕುಗಳುಂಟು. ಚೀಟಿ ಕಳೆದುಹೋಗುತ್ತದೆ, ಕಟ್ಟುಗಳಿಗೆ ಗೆದ್ದಲು ಹಿಡಿಯುತ್ತದೆ, ಸಾವಿರಾರು ಹಾಳೆಗಳ ನಡುವೆ ಬೇಕಾದ ಒಂದು ಹಾಳೆ ಬೇಕಾದ ಹೊತ್ತಿಗೆ ಸಿಕ್ಕುವುದಿಲ್ಲ. ಗಣಕಯಂತ್ರವು ಈ ತೊಡಕುಗಳನ್ನು ಬಹುಮಟ್ಟಿಗೆ ನಿವಾರಿಸಿತು.

ಗಣಕಯಂತ್ರ ತಾನಾಗಿಯೇ ಏನನ್ನೂ ಮಾಡಲಾರದು. ಅದು ಏನು ಮಾಡಬೇಕೆಂಬುದನ್ನು ಹಂತಹಂತವಾಗಿ ಬರೆದ ಆದೇಶಗಳ ಸಮೂಹವೇ ತಂತ್ರಾಂಶ. ಅನೇಕ ಸಂಸ್ಥೆಗಳು ತಂತ್ರಾಂಶವನ್ನು ಮಾರುತ್ತವೆಯಾದರೂ ಅದರ ಮೂಲ ಬರಹವನ್ನು ಗುಟ್ಟಾಗಿಡುತ್ತವೆ. ಬಂಡಿಯ ಗಾಲಿ ಮುರಿದರೆ ಊರಿನ ಬಡಗಿ ಅದನ್ನು ಸರಿಪಡಿಸಬಲ್ಲನು. ಅದರ ರಚನೆಯೆಲ್ಲ ಅವನ ಕಣ್ಣಿಗೆ ಕಾಣುತ್ತದೆ. ಮುಚ್ಚಳವನ್ನು ಬೆಸೆದುಬಿಟ್ಟ ಯಂತ್ರ ಕೆಟ್ಟರೆ ಅದನ್ನು ತಯಾರಿಸಿದವರ ಬಳಿಗೇ ಹೋಗಬೇಕು. ಅವರು ಕೇಳಿದಷ್ಟು ಹಣ ಕೊಡಲಾಗದಿದ್ದರೆ, ಅಥವಾ ಅವರು ವ್ಯಾಪಾರವನ್ನೇ ನಿಲ್ಲಿಸಿದ್ದರೆ, ಸಾವಿರಾರು ರೋಗಿಗಳ ವೃತ್ತಾಂತ ಕೈಗೆಟುಕದಂತಾಗುವ ಭಯವುಂಟು. ಮೂಲ ಬರಹವನ್ನು ಎಲ್ಲರೂ ಓದಲು, ತಿದ್ದಲು, ಹಂಚಿಕೊಳ್ಳಲು ಅನುಮತಿಯಿರುವ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು. ವೈದ್ಯಕೀಯ ದಾಖಲೆಗಳಲ್ಲಿ ಇದರಿಂದ ಆದ ಪ್ರಯೋಜನವನ್ನು ಆಫ್ರಿಕ ಖಂಡದ ಒಂದು ನಿದರ್ಶನದಿಂದ ತಿಳಿಯಬಹುದು.

ಕೀನ್ಯ ದೇಶದ ಪಶ್ಚಿಮ ಭಾಗದಲ್ಲಿ ಎಲ್ಡೊರೆಟ್ ಎಂಬ ನಗರವಿದೆ. ಅದರ ಸಮೀಪದ ಮೊಸೊರಿಯಟ್ ಗ್ರಾಮೀಣ ಆರೋಗ್ಯ ಕೇಂದ್ರದಲ್ಲಿ 2001ರಲ್ಲಿ ಗಣಕಯಂತ್ರದ ದಾಖಲೆ ಪದ್ಧತಿ ಆರಂಭವಾಯಿತು. ಅಲ್ಲಿನ ಮೋಯಿ ವಿಶ್ವವಿದ್ಯಾಲಯವೂ ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯವೂ ಕೂಡಿ ಕೈಗೊಂಡ ಕಾರ್ಯವದು. ಫಲಿತಾಂಶ ಉತ್ತೇಜನಕಾರಿಯಾಗಿತ್ತು. ರೋಗಿಯೊಬ್ಬನು ಕೇಂದ್ರದಲ್ಲಿ ಕಳೆಯಬೇಕಾದ ಸಮಯ ನೂರಕ್ಕೆ 22ರಷ್ಟು ಕಡಿಮೆಯಾಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಅದೇ ಕಾಲದಲ್ಲಿ ಏಡ್ಸ್ ರೋಗವು ಆ ಪ್ರದೇಶವನ್ನು ಕಾಡುತ್ತಿತ್ತು. ರೋಗಿಗಳ ಸಂಖ್ಯೆ ಶೀಘ್ರವಾಗಿ ಬೆಳೆಯಿತು. ಒಂದು ಸಣ್ಣ ಕೇಂದ್ರಕ್ಕೆಂದು ರೂಪಿಸಿದ ಪದ್ಧತಿಗೆ ಆ ಭಾರವನ್ನು ಹೊರುವುದು ಸಾಧ್ಯವಾಗಲಿಲ್ಲ. 2004ರಲ್ಲಿ ಇಂಡಿಯಾನದ ವೈದ್ಯರಾದ ಬರ್ಕ್ ಮ್ಯಾಮ್ಲಿನ್ ಮತ್ತು ಪಾಲ್ ಬಯೋಂಡಿಕ್ ಅವರು ಎಲ್ಡೊರೆಟ್‌ಗೆ ಹೋಗಿ ಪರಿಸ್ಥಿತಿಯನ್ನು ಕಂಡರು. ಹೊಸ ತಂತ್ರಾಂಶವೊಂದನ್ನು ರಚಿಸತೊಡಗಿದರು. ಪೆರು ದೇಶದ ಕ್ಷಯರೋಗಿಗಳಿಗಾಗಿ ಇಂತಹುದೇ ಕೆಲಸ ಮಾಡಿದ್ದ ಹ್ಯಾಮಿಷ್ ಫ್ರೇಸರ್ ಅವರೂ ಜತೆಗೂಡಿದರು. ಹೀಗೆ ಹುಟ್ಟಿದ ತಂತ್ರಾಂಶವೇ ‘ಓಪನ್ ಎಂ.ಆರ್.ಎಸ್.’ ಅದನ್ನು 2006ರಲ್ಲಿ ಮೊದಲು ಕೀನ್ಯದಲ್ಲಿ, ಅನಂತರ ರುವಾಂಡ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಬಳಕೆಗೆ ತರಲಾಯಿತು. ಎಲ್ಡೊರೆಟ್‌ನಲ್ಲಿ ಕೀನ್ಯದ ತರುಣರೇ ಅದರ ರಚನೆಯನ್ನು ಕಲಿತು, ತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದತೊಡಗಿದರು.

ಈ ತಂತ್ರಾಂಶದ ಹೃದಯದಲ್ಲಿ ಒಂದು ಪದಕೋಶವಿದೆ. ರೋಗ, ಪರೀಕ್ಷೆ, ಔಷಧ ಇವುಗಳಲ್ಲಿ ಪ್ರತಿಯೊಂದನ್ನೂ ಅದರಲ್ಲಿ ಒಂದು ಪರಿಕಲ್ಪನೆಯಾಗಿ ದಾಖಲಿಸುತ್ತಾರೆ. ಹೊಸ ರೋಗ ಕಾಣಿಸಿಕೊಂಡರೆ ಅದನ್ನು ಪದಕೋಶಕ್ಕೆ ಸೇರಿಸಿದರೆ ಸಾಕು. ತಂತ್ರಾಂಶವನ್ನೆಲ್ಲ ಒಡೆದು ಕಟ್ಟಬೇಕಾಗಿಲ್ಲ.

ಮುಕ್ತತೆಯ ಬೆಲೆ ಏನೆಂಬುದು 2014ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಎಬೋಲ ರೋಗ ಹರಡಿದಾಗ ತಿಳಿದುಬಂತು. ಸಿಯೆರ ಲಿಯೋನ್ ದೇಶದ ಕೆರಿಟೌನ್ ಚಿಕಿತ್ಸಾ ಕೇಂದ್ರದಲ್ಲಿ ರೋಗಿಗಳಿದ್ದ ಆವರಣದಿಂದ ಒಂದು ಹಾಳೆಯನ್ನೂ ಹೊರಗೆ ತರುವಂತಿರಲಿಲ್ಲ. ಹಾಳೆಯೊಡನೆ ಸೋಂಕೂ ಹೊರಬರುವ ಅಪಾಯವಿತ್ತು. ಬರೆದದ್ದು ಒಳಗೇ ಉಳಿದರೆ ಹೊರಗಿನ ವೈದ್ಯರಿಗೆ ರೋಗಿಯ ಸ್ಥಿತಿ ತಿಳಿಯುವುದು ಹೇಗೆ? ಆಗ ಓಪನ್ ಎಂ.ಆರ್.ಎಸ್. ಅನ್ನೇ ಆಧಾರವಾಗಿಟ್ಟುಕೊಂಡು, ಕೈಯಲ್ಲಿ ಹಿಡಿಯುವ ಸಣ್ಣ ಗಣಕದಲ್ಲಿ ಒಳಗಿನಿಂದಲೇ ವಿವರ ದಾಖಲಿಸುವ ಏರ್ಪಾಡನ್ನು ಕೆಲವೇ ತಿಂಗಳುಗಳಲ್ಲಿ ಸಿದ್ಧಪಡಿಸಿದರು. ಅಡಿಪಾಯವು ಎಲ್ಲರಿಗೂ ತೆರೆದಿದ್ದುದರಿಂದಲೇ ಅಷ್ಟು ಬೇಗ ಅದರ ಮೇಲೆ ಹೊಸತನ್ನು ಕಟ್ಟಲು ಸಾಧ್ಯವಾಯಿತು.

ನಮ್ಮ ದೇಶವೂ ಈ ಪ್ರಯತ್ನದಲ್ಲಿ ಪಾಲುಗೊಂಡಿದೆ. ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಗನಿಯಾರಿ ಎಂಬ ಹಳ್ಳಿಯಲ್ಲಿ ‘ಜನ ಸ್ವಾಸ್ಥ್ಯ ಸಹಯೋಗ’ ಸಂಸ್ಥೆಯ ಆಸ್ಪತ್ರೆಯಿದೆ. ಕಾಡಿನಂಚಿನ ಹಳ್ಳಿಗಳ ಬಡಜನರು ಅಲ್ಲಿಗೆ ಚಿಕಿತ್ಸೆಗಾಗಿ ಬರುತ್ತಾರೆ. ಆ ಆಸ್ಪತ್ರೆಯ ಅಗತ್ಯಗಳನ್ನು ಮುಂದಿಟ್ಟುಕೊಂಡು, ಓಪನ್ ಎಂ.ಆರ್.ಎಸ್. ಜೊತೆಗೆ ಪ್ರಯೋಗಾಲಯದ ಹಾಗೂ ಔಷಧಾಲಯದ ಲೆಕ್ಕಗಳಿಗಾಗಿ ಬೇರೆ ಮುಕ್ತ ತಂತ್ರಾಂಶಗಳನ್ನೂ ಹೆಣೆದು ‘ಬಾಹ್ಮ್ನಿ’ ಎಂಬ ಪದ್ಧತಿಯನ್ನು ನಿರ್ಮಿಸಿದರು. ಒಂದು ಹಳ್ಳಿಯ ಆಸ್ಪತ್ರೆಗಾಗಿ ರೂಪುಗೊಂಡ ಈ ಪದ್ಧತಿಯನ್ನು ಇಂದು ಅನೇಕ ದೇಶಗಳಲ್ಲಿ ಬಳಸುತ್ತಾರೆ.

ಇಲ್ಲಿ ಒಂದು ಸಂದೇಹ ಮೂಡುವುದು ಸಹಜ. ತಂತ್ರಾಂಶ ಎಲ್ಲರಿಗೂ ತೆರೆದಿದ್ದರೆ ರೋಗಿಯ ಗುಟ್ಟು ಬಯಲಾಗುವುದಿಲ್ಲವೆ? ಬೀಗದ ರಚನೆಯನ್ನು ಅನೇಕ ಕುಶಲಕರ್ಮಿಗಳು ಬಲ್ಲರು. ಆದರೂ ನಮ್ಮ ಮನೆಯ ಕೀಲಿಕೈ ನಮ್ಮಲ್ಲಿಯೇ ಇರುತ್ತದೆ. ಹಾಗೆಯೇ ಇಲ್ಲಿ ಮುಕ್ತವಾಗಿರುವುದು ತಂತ್ರಾಂಶದ ರಚನೆ ಮಾತ್ರ. ರೋಗಿಯ ವೃತ್ತಾಂತವನ್ನು ಅವನ ಚಿಕಿತ್ಸೆಗೆ ಸಂಬಂಧಪಟ್ಟವರಷ್ಟೇ ನೋಡಬೇಕು. ರಚನೆಯನ್ನು ಹಲವರು ಪರೀಕ್ಷಿಸಬಹುದಾದ್ದರಿಂದ ಅದರ ದೋಷಗಳನ್ನು ಕಂಡುಹಿಡಿದು ತಿದ್ದುವ ಅವಕಾಶವೂ ಹೆಚ್ಚು. ಆದರೆ ಕೀಲಿಕೈಯನ್ನು ಅಜಾಗರೂಕತೆಯಿಂದ ಬಿಟ್ಟುಹೋದರೆ ಯಾವ ಬೀಗವೂ ಮನೆಯನ್ನು ಕಾಯಲಾರದು.

ಮುಕ್ತ ತಂತ್ರಾಂಶವೆಂದರೆ ಖರ್ಚಿಲ್ಲದ ತಂತ್ರಾಂಶವೆಂದು ಭಾವಿಸುವುದೂ ತಪ್ಪು. ಗಣಕಯಂತ್ರ ಬೇಕು, ವಿದ್ಯುತ್ತು ಬೇಕು, ಸಿಬ್ಬಂದಿಗೆ ತರಬೇತಿ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೆಟ್ಟದ್ದನ್ನು ಸರಿಪಡಿಸಬಲ್ಲ ಜನ ಬೇಕು. ತೆರೆದಿಟ್ಟ ಗ್ರಂಥವನ್ನು ಓದಬಲ್ಲವರೇ ಇಲ್ಲದಿದ್ದರೆ ಅದು ಮುಚ್ಚಿದ ಗ್ರಂಥಕ್ಕೆ ಸಮಾನ. ಎಲ್ಡೊರೆಟ್‌ನ ಕಾರ್ಯ ನೆಲೆನಿಂತದ್ದು ಹೊರಗಿನವರ ಕೊಡುಗೆಯೊಂದರಿಂದಲೇ ಅಲ್ಲ. ಅಲ್ಲಿನ ತರುಣರು ಆ ವಿದ್ಯೆಯನ್ನು ತಮ್ಮದಾಗಿಸಿಕೊಂಡರು. ದೂರದ ಹಳ್ಳಿಯಿಂದ ನಡೆದು ಬಂದ ತಾಯಿಯೊಬ್ಬಳು ಹಿಂದಿನ ಚೀಟಿಯನ್ನು ಕಳೆದುಕೊಂಡಿದ್ದರೂ, ಅಂದು ಕುಳಿತಿರುವ ವೈದ್ಯರು ಹೊಸಬರೇ ಆಗಿದ್ದರೂ, ಅವಳ ಮಗುವಿಗೆ ಯಾವ ಮದ್ದು ಒಗ್ಗದೆಂಬುದು ಅವರಿಗೆ ತಿಳಿಯಬೇಕು. ಆ ನೆನಪನ್ನು ಕಾಪಾಡಲು ಕಲಿತವರು ಪ್ರತಿಯೊಂದು ಊರಿನಲ್ಲಿಯೂ ಇರಬೇಕು.