ನಿಮ್ಮ ಲ್ಯಾಪ್‌ಟಾಪ್ ಸೆಕೆಂಡಿಗೆ ಎಷ್ಟು ಕನ್ನಡ ಬರೆಯುತ್ತದೆ? ಅಳೆಯುವ ಬಗೆ, ಹಂತ ಹಂತವಾಗಿ

ಕೌಲಾಲಂಪುರದ ಬಾಂಗ್ಸಾರಿನ ನಮ್ಮ ಫ್ಲ್ಯಾಟಿನಲ್ಲಿ ಒಂದೇ ಲ್ಯಾಪ್‌ಟಾಪಿಗೆ ಎರಡು ಭಾಷಾ ಮಾದರಿ ಇಳಿಸಿಕೊಂಡಿದ್ದೆ. ಒಂದು ಬೆಂಗಳೂರಿನ ಸರ್ವಂ ಎಐ ಸಂಸ್ಥೆ 2024ರಲ್ಲಿ ಹೊರತಂದ ಸರ್ವಂ-1, ಇನ್ನೊಂದು ಮೆಟಾದ ಲಾಮಾ 3.2ರ 3 ಬಿಲಿಯನ್ ಪ್ಯಾರಾಮೀಟರ್ ಗಾತ್ರದ್ದು. ಸೆಕೆಂಡಿಗೆ ಇಷ್ಟು ಟೋಕನ್ (ಪಠ್ಯದ ತುಂಡು) ಎಂಬ ಅಂಕಿಯಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಕನ್ನಡ ಬರೆಸಿದಾಗ ಮಾತ್ರ ಒಂದು ಸರಾಗವಾಗಿ ಹರಿಯಿತು, ಇನ್ನೊಂದು ಅಕ್ಷರಕ್ಕೊಮ್ಮೆ ತಡವರಿಸಿತು. ಕಾರಣ ಯಂತ್ರದಲ್ಲಿಲ್ಲ, ಅಳತೆಯಲ್ಲಿದೆ. ಒಬ್ಬರ ಪಾವು ದೊಡ್ಡದು, ಇನ್ನೊಬ್ಬರದು ಚಿಕ್ಕದು ಎಂದಾದರೆ ಇಬ್ಬರೂ ಹತ್ತು ಪಾವು ಅಳೆದರೂ ಅಕ್ಕಿ ಒಂದೇ ಆಗುವುದಿಲ್ಲ. ಕನ್ನಡಿಗರು ಈ ಅಳತೆಯನ್ನು ತಾವೇ ಸರಿಪಡಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಮುಕ್ತ ತಂತ್ರಾಂಶಗಳೆಲ್ಲ ಉಚಿತವಾಗಿ ಸಿಗುತ್ತವೆ.

ಕಮ್ಯಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ಹಂತ 1: ಸಾಮಾನು ಜೋಡಿಸಿಕೊಳ್ಳಿ

ಜಾರ್ಜಿ ಗೆರ್ಗನೊವ್ 2023ರ ಮಾರ್ಚಿನಲ್ಲಿ ಶುರುಮಾಡಿದ, ಮಾದರಿಗಳನ್ನು ಓಡಿಸುವ ಲಾಮಾ ಸಿಪಿಪಿ ಎಂಬ ತಂತ್ರಾಂಶ ಸಾಕು. ಮ್ಯಾಕ್‌ನಲ್ಲಿ ಹೋಮ್‌ಬ್ರೂ, ವಿಂಡೋಸ್‌ನಲ್ಲಿ ವಿನ್‌ಗೆಟ್ ಮೂಲಕ ಬರುತ್ತದೆ. ಬಳಿಕ ಹಗ್ಗಿಂಗ್ ಫೇಸ್‌ನಿಂದ ಎರಡೂ ಮಾದರಿಗಳ, 4 ಬಿಟ್‌ಗೆ ಕುಗ್ಗಿಸಿದ ಜಿಜಿಯುಎಫ್ ಕಡತ ಇಳಿಸಿಕೊಳ್ಳಿ. ಒಂದೊಂದೂ ಸುಮಾರು 2 ಜಿಬಿ ಅಥವಾ ಅದಕ್ಕೂ ಕಡಿಮೆ ಇರುತ್ತದೆ, 8 ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಸರ್ವಂ-1 ಹರಟೆಗೆ ತಿದ್ದಿದ ಮಾದರಿಯಲ್ಲ, ಕೊಟ್ಟ ಸಾಲನ್ನು ಮುಂದುವರಿಸುವ ಮೂಲ ಮಾದರಿ. ಹಾಗಾಗಿ ಲಾಮಾದಲ್ಲೂ ಮೂಲ ಮಾದರಿಯನ್ನೇ ಆರಿಸಿ.

ಹಂತ 2: ಯಂತ್ರವನ್ನು ತಣ್ಣಗಿಡಿ

ಇದನ್ನು ಹಾರಿಸಬೇಡಿ. ಕೌಲಾಲಂಪುರದ ಮಧ್ಯಾಹ್ನದ ಸೆಕೆಯಲ್ಲಿ ಎಸಿ ಇಲ್ಲದೆ ಅಳೆದರೆ ಪ್ರೊಸೆಸರ್ ಬಿಸಿಯಾಗುತ್ತದೆ, ಬಿಸಿಯಾದೊಡನೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ನಾನು ಒಂದು ಮಾದರಿಯನ್ನು ಬೆಳಗ್ಗೆ, ಇನ್ನೊಂದನ್ನು ಮಧ್ಯಾಹ್ನ ಅಳೆದು, ಎರಡನೆಯದು ನಿಧಾನ ಎಂದು ಒಂದು ವಾರ ನಂಬಿಕೊಂಡಿದ್ದೆ. ಚಾರ್ಜರ್ ಹಾಕಿ, ಬ್ರೌಸರ್ ಮುಚ್ಚಿ, ಬ್ಯಾಟರಿ ಉಳಿಸುವ ವ್ಯವಸ್ಥೆಯನ್ನು ನಿಲ್ಲಿಸಿ. ಎರಡೂ ಮಾದರಿಗಳನ್ನು ಒಂದರ ಬೆನ್ನಿಗೊಂದು ಅಳೆಯಿರಿ. ಆಮೇಲೆ ಸರದಿ ತಿರುಗಿಸಿ ಮತ್ತೊಮ್ಮೆ ಅಳೆಯಿರಿ.

ಹಂತ 3: ಲಾಮಾ-ಬೆಂಚ್ ಓಡಿಸಿ

ಟರ್ಮಿನಲ್ ತೆರೆದು ಲಾಮಾ-ಬೆಂಚ್ ಎಂದು ಬರೆದು, ಹೈಫನ್ ಎಮ್ ಹಾಕಿ, ಮಾದರಿಯ ಕಡತದ ಹೆಸರು ಕೊಡಿ. ಬೇರೇನೂ ಹೇಳದಿದ್ದರೆ ಅದು ಎರಡು ಪರೀಕ್ಷೆ ಮಾಡುತ್ತದೆ: 512 ಟೋಕನ್ ಓದಿಕೊಳ್ಳುವ ವೇಗ ಒಂದು, 128 ಟೋಕನ್ ಬರೆಯುವ ವೇಗ ಇನ್ನೊಂದು. ಪ್ರತಿಯೊಂದನ್ನೂ ಐದು ಸಲ ಓಡಿಸಿ ಸರಾಸರಿಯನ್ನೂ, ಪಕ್ಕದಲ್ಲಿ ± ಗುರುತಿನೊಂದಿಗೆ ಏರಿಳಿತವನ್ನೂ ತೋರಿಸುತ್ತದೆ. ಏರಿಳಿತ ದೊಡ್ಡದಾಗಿದ್ದರೆ ಆ ಅಂಕಿಯನ್ನು ಬಿಟ್ಟು ಹಂತ 2ಕ್ಕೆ ಮರಳಿ. ಹೈಫನ್ ಟಿ ಹಾಕಿ 2, 4, 8 ಎಂದು ಅಲ್ಪವಿರಾಮದಿಂದ ಕೊಟ್ಟರೆ ಎಷ್ಟು ಥ್ರೆಡ್ ನಿಮ್ಮ ಯಂತ್ರಕ್ಕೆ ಹೊಂದುತ್ತದೆ ಎಂಬುದೂ ಒಂದೇ ಸಲಕ್ಕೆ ತಿಳಿಯುತ್ತದೆ.

ಹಂತ 4: ಟೋಕನ್ನನ್ನು ಕನ್ನಡಕ್ಕೆ ಇಳಿಸಿ

ಲಾಮಾ-ಬೆಂಚ್ ಯಾವ ಭಾಷೆಯ ಪಠ್ಯವನ್ನೂ ಓದುವುದಿಲ್ಲ. ಮನಬಂದಂತೆ ಆರಿಸಿದ ಟೋಕನ್‌ಗಳ ಮೇಲೆ ಗಡಿಯಾರ ಹಿಡಿಯುತ್ತದೆ, ಅಷ್ಟೆ. ಟೋಕನ್ ಎಂದರೆ ಮಾದರಿ ಪಠ್ಯವನ್ನು ಕತ್ತರಿಸಿಕೊಳ್ಳುವ ತುಂಡು. ಇಂಗ್ಲಿಷಿನ ಒಂದು ಸಾಮಾನ್ಯ ಪದ ಬಹುಮಟ್ಟಿಗೆ ಒಂದೇ ತುಂಡು. ಕನ್ನಡದ ಪಾಡು ಬೇರೆ. ನಮ್ಮ ಕಣ್ಣಿಗೆ ‘ಕ್ಷಿ’ ಒಂದೇ ಅಕ್ಷರ. ಯುನಿಕೋಡಿಗೆ ಅದು ಕ, ಹಲಂತ ಚಿಹ್ನೆ, ಷ, ಗುಡಿಸು ಎಂಬ ನಾಲ್ಕು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟು, ಒಟ್ಟು 12. ಬೈಟಿನ ಮಟ್ಟಕ್ಕಿಳಿಯುವ ಮಾದರಿಯ ಪದಕೋಶದಲ್ಲಿ ಕನ್ನಡಕ್ಕೆ ಜಾಗವೇ ಇಲ್ಲದಿದ್ದರೆ, ಈ ಒಂದಕ್ಷರ ಹನ್ನೆರಡು ತುಂಡಾಗಲೂಬಹುದು. ಲಾಮಾ 3.2 ಅಧಿಕೃತವಾಗಿ ಬೆಂಬಲಿಸುವ ಎಂಟು ಭಾಷೆಗಳಲ್ಲಿ ಹಿಂದಿ ಇದೆ, ಕನ್ನಡ ಇಲ್ಲ. ಸರ್ವಂ-1 ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆಂದೇ ತನ್ನ ತುಂಡುಗಳನ್ನು ಹೊಲಿದುಕೊಂಡದ್ದು. ಪದವೊಂದಕ್ಕೆ 1.4ರಿಂದ 2.1 ಟೋಕನ್ ಸಾಕು ಎಂದು ಸಂಸ್ಥೆ ಹೇಳಿತ್ತು.

ನಂಬಬೇಕಿಲ್ಲ, ಎಣಿಸಿ ನೋಡಬಹುದು. ಮೆಟಾ 2022ರಲ್ಲಿ ಬಿಡುಗಡೆ ಮಾಡಿದ ಫ್ಲೋರೆಸ್-200 ಸಂಗ್ರಹದಲ್ಲಿ ಒಂದೇ ವಾಕ್ಯ ಇನ್ನೂರು ಭಾಷೆಗಳಲ್ಲಿ ಸಿಗುತ್ತದೆ, ಕನ್ನಡದಲ್ಲೂ. ಅದರಿಂದ ಇಪ್ಪತ್ತು ಕನ್ನಡ ವಾಕ್ಯಗಳನ್ನು ಒಂದು ಕಡತಕ್ಕೆ, ಅವೇ ವಾಕ್ಯಗಳ ಇಂಗ್ಲಿಷ್ ರೂಪವನ್ನು ಇನ್ನೊಂದಕ್ಕೆ ಹಾಕಿ. ಲಾಮಾ-ಟೋಕನೈಸ್ ಎಂದು ಬರೆದು ಹೈಫನ್ ಎಮ್‌ಗೆ ಮಾದರಿ, ಹೈಫನ್ ಎಫ್‌ಗೆ ಒಂದೊಂದಾಗಿ ಈ ಕಡತಗಳನ್ನು ಕೊಟ್ಟು, ಕೊನೆಗೆ ಎರಡು ಹೈಫನ್ ಹಾಕಿ ಶೋ-ಕೌಂಟ್ ಎನ್ನಿ. ಒಂದೊಂದು ಕಡತದ ಒಟ್ಟು ಟೋಕನ್ ಸಂಖ್ಯೆ ಬರುತ್ತದೆ. ಅದನ್ನು ಹಂತ 3ರಲ್ಲಿ ಸಿಕ್ಕ ಬರೆಯುವ ವೇಗದಿಂದ ಭಾಗಿಸಿ. ಸೆಕೆಂಡಿಗೆ 20 ಟೋಕನ್ ಬರೆಯುವ ಮಾದರಿಯೊಂದಿದೆ ಎನ್ನೋಣ. ಇಪ್ಪತ್ತು ವಾಕ್ಯ 800 ಟೋಕನ್ ಆದರೆ 40 ಸೆಕೆಂಡು, 3,200 ಆದರೆ 160 ಸೆಕೆಂಡು. ಲೆಕ್ಕಕ್ಕಾಗಿ ಆರಿಸಿದ ಅಂಕಿಗಳಿವು, ನಿಮ್ಮವು ನಿಮ್ಮ ಯಂತ್ರದಿಂದ ಬರಲಿ. ನಾನು ಮಾದರಿಗಳನ್ನು ಹೋಲಿಸುವುದು ಈ ಸೆಕೆಂಡುಗಳಿಂದ ಮಾತ್ರ.

ಹಂತ 5: ಗುಣವನ್ನೂ ನೋಡಿ

ವೇಗವಾಗಿ ತಪ್ಪು ಬರೆಯುವ ಮಾದರಿಯಿಂದ ಯಾರಿಗೂ ಉಪಯೋಗವಿಲ್ಲ. ಎಲ್ಯೂಥರ್ ಎಐ ಬಳಗದ ಎಲ್ಎಮ್-ಇವ್ಯಾಲ್ ಎಂಬ ಪೈಥಾನ್ ಸಲಕರಣೆಯನ್ನು ಪಿಪ್‌ನಿಂದ ಹಾಕಿಕೊಳ್ಳಿ. ಅದರಲ್ಲಿ ಬೆಲೆಬೆಲೆ ಎಂಬ ಪರೀಕ್ಷೆಯ ಕನ್ನಡ ಆವೃತ್ತಿಯಿದೆ: ಫ್ಲೋರೆಸ್‌ನ ಗದ್ಯಭಾಗ ಓದಿ ನಾಲ್ಕರಲ್ಲಿ ಒಂದು ಉತ್ತರ ಆರಿಸುವ 900 ಪ್ರಶ್ನೆಗಳು. ಕಣ್ಣುಮುಚ್ಚಿ ಆರಿಸಿದರೂ ನೂರಕ್ಕೆ 25 ಬರುತ್ತದೆ, ಆದ್ದರಿಂದ 27 ಬಂದರೆ ಹಿಗ್ಗಬೇಡಿ. ಮೊದಲು ಎರಡು ಹೈಫನ್ ಹಾಕಿ ಲಿಮಿಟ್ 20 ಎಂದು ಕೊಟ್ಟು ಎಲ್ಲ ಸರಿಯಾಗಿ ಕೂತಿದೆಯೇ ನೋಡಿ, ಆಮೇಲೆ ಪೂರ್ತಿ ಬಿಡಿ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಇಲ್ಲಿ ಓಡುವುದು 4 ಬಿಟ್‌ಗೆ ಇಳಿಸಿದ ಕಡತವೋ, ಹಾಗೆ ಇಳಿಸದ ಪೂರ್ಣ ಮಾದರಿಯೋ ಎಂಬುದನ್ನು ಅಂಕಿಯ ಪಕ್ಕದಲ್ಲೇ ಬರೆದಿಡಿ.

ಹಂತ 6: ಕೈ ಬಿಟ್ಟು ನಡೆಯುವಂತೆ ಮಾಡಿ

ಲಾಮಾ-ಬೆಂಚ್‌ಗೆ ಹೈಫನ್ ಓ ಕೊಟ್ಟು ಎಸ್‌ಕ್ಯುಎಲ್ ಎಂದರೆ, ಫಲಿತಾಂಶ ಎಸ್‌ಕ್ಯುಲೈಟ್ ಡೇಟಾಬೇಸಿಗೆ ಸೇರಿಸಲು ತಯಾರಾಗಿ ಬರುತ್ತದೆ. ಪ್ರೊಸೆಸರಿನ ಹೆಸರು, ಥ್ರೆಡ್ ಸಂಖ್ಯೆ, ತಂತ್ರಾಂಶದ ಆವೃತ್ತಿ, ಸಮಯ ಎಲ್ಲವೂ ಸಾಲಿನಲ್ಲೇ ಇರುತ್ತವೆ. ಕೋಣೆಯಲ್ಲಿ ಎಸಿ ಇತ್ತೇ ಎಂಬುದನ್ನು ಮಾತ್ರ ನೀವೇ ಬರೆದುಕೊಳ್ಳಬೇಕು. ಈ ಕಮ್ಯಾಂಡುಗಳನ್ನು ಒಂದು ಸ್ಕ್ರಿಪ್ಟಿಗೆ ಹಾಕಿ ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್‌ಗೆ ಒಪ್ಪಿಸಿದರೆ ಬೆಳಗಿನ ಜಾವ ತಾನೇ ಓಡುತ್ತದೆ. ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ನೋಡಿಕೊಳ್ಳಿ.

ಸರ್ವರ್‌ಗಳನ್ನೇ ಹೋಲಿಸುವ ಕೆಲಸ ಬಂದರೆ ಎಮ್‌ಎಲ್‌ಪರ್ಫ್ ಇದೆ. 2018ರಲ್ಲಿ ಶುರುವಾಗಿ ಈಗ ಎಮ್‌ಎಲ್‌ಕಾಮನ್ಸ್ ಆಶ್ರಯದಲ್ಲಿರುವ ಅದರಲ್ಲಿ, ನಿಗದಿತ ನಿಖರತೆ ಮುಟ್ಟದ ವೇಗವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಾದರಿ, ದತ್ತಾಂಶ, ಬೇಕಾದ ಲೈಬ್ರರಿಗಳನ್ನೆಲ್ಲ ಒಂದೇ ಕಮ್ಯಾಂಡಿನಲ್ಲಿ ತಂದು ಪರೀಕ್ಷೆ ನಡೆಸಲು ಗ್ರಿಗೋರಿ ಫುರ್ಸಿನ್ ಆರಂಭಿಸಿದ ಕಲೆಕ್ಟಿವ್ ಮೈಂಡ್ ಎಂಬ ಮುಕ್ತ ಸಲಕರಣೆಯಿದೆ. ಮೊದಲ ದಿನವೇ ಅಲ್ಲಿಗೆ ಹೋಗಬೇಡಿ. ದತ್ತಾಂಶ ಇಳಿಸುವುದರಲ್ಲೇ ಡಿಸ್ಕ್ ತುಂಬುತ್ತದೆ. ಈ ಭಾನುವಾರ ಬೆಳಗ್ಗೆ ಇಪ್ಪತ್ತು ಕನ್ನಡ ವಾಕ್ಯಗಳ ಕಡತವೊಂದನ್ನು ಮಾಡಿಕೊಂಡರೆ ಸಾಕು.