ಗಣಕವಿದ್ಯೆಯ ಅಕ್ಷರಾಭ್ಯಾಸ

ಹಿಂದಿನ ಕೂಲಿಮಠಗಳಲ್ಲಿ ಬಾಲಕನಿಗೆ ಮೊದಲ ದಿನವೇ ಕಾಗದವನ್ನೂ ಲೇಖನಿಯನ್ನೂ ಕೊಡುತ್ತಿರಲಿಲ್ಲ. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಕೈ ಕುದುರಿದ ಮೇಲೆ ಹಲಗೆ ಬಳಪ. ಕಾಗದದ ಸರದಿ ಕೊನೆಯದು. ಮರಳಿನಲ್ಲಿ ಬರೆದ ತಪ್ಪು ಅಂಗೈ ಸವರಿದೊಡನೆ ಅಳಿಯುತ್ತದೆ; ಆದುದರಿಂದ ಮಗು ತಪ್ಪಿಗೆ ಅಂಜದೆ ಕಲಿಯುತ್ತಿತ್ತು. ಈ ವಿವೇಕವು ಗಣಕವಿದ್ಯೆಗೂ ಸಲ್ಲತಕ್ಕದ್ದು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ೬ರಿಂದ ೮ನೆಯ ತರಗತಿಯ ಹಂತದಲ್ಲಿಯೇ ಕೋಡಿಂಗ್ ಚಟುವಟಿಕೆಗಳನ್ನು ಸೂಚಿಸಿದೆ. ಸಾಧನಗಳಿಗೇನೋ ಕೊರತೆಯಿಲ್ಲ, ಯಾವುದನ್ನು ಯಾವಾಗ ಮಕ್ಕಳ ಕೈಗೆ ಕೊಡಬೇಕೆಂಬುದೇ ಉಪಾಧ್ಯಾಯರು ವಿಚಾರಿಸತಕ್ಕ ವಿಷಯ.

ಗಣಕಯಂತ್ರಕ್ಕೆ ಕ್ರಮವಾಗಿ ಕೊಡುವ ಆಜ್ಞೆಗಳ ಸರಣಿಯೇ ಪ್ರೋಗ್ರಾಮು. ಹೇಳಿದಷ್ಟನ್ನೇ ಮಾಡುವ ಯಂತ್ರಕ್ಕೆ ಹೇಳುವವನ ಭಾವ ತಿಳಿಯದು. ಆದ್ದರಿಂದ ಆಲೋಚನೆಯನ್ನು ಬಿಡಿಸಿ ಬಿಡಿಸಿ ಹೇಳುವ ಅಭ್ಯಾಸವೇ ಮೊದಲ ಮೆಟ್ಟಿಲು. ಇದಕ್ಕೆ ಯಂತ್ರವೇ ಬೇಕಿಲ್ಲ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಸಂಗಡಿಗರು ೧೯೯೦ರ ದಶಕದಲ್ಲಿ ರೂಪಿಸಿದ ‘ಅನ್‌ಪ್ಲಗ್ಡ್’ ಪದ್ಧತಿಯಲ್ಲಿ ೧, ೨, ೪, ೮, ೧೬ ಚುಕ್ಕೆಗಳ ಐದು ರಟ್ಟುಗಳನ್ನು ಮಕ್ಕಳು ಹಿಡಿದು ನಿಲ್ಲುತ್ತಾರೆ. ಕೆಲವನ್ನು ಕಾಣಿಸಿ ಕೆಲವನ್ನು ಮರೆಮಾಡಿದರೆ ಸೊನ್ನೆಯಿಂದ ೩೧ರವರೆಗಿನ ೩೨ ಸಂಖ್ಯೆಗಳೂ ದೊರೆಯುತ್ತವೆ. ಛಂದಸ್ಸನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಲಘು ಗುರು ಎಂಬ ಎರಡೇ ಭೇದಗಳಿಂದ ಮೂರಕ್ಷರದ ಗಣಗಳು ೮ ಆಗುತ್ತವೆ. ಐದಕ್ಷರದ ಪಾದಕ್ಕೆ ಪ್ರಸ್ತಾರ ಹಾಕಿದರೆ ೩೨ ರೂಪಗಳು ಬರುತ್ತವೆ. ಒಂದನ್ನೂ ಬಿಡದೆ, ಒಂದನ್ನೂ ಮರಳಿ ಬರೆಯದೆ ಪ್ರಸ್ತಾರ ಹಾಕಬಲ್ಲ ವಿದ್ಯಾರ್ಥಿ ಗಣಕದ ಶಿಸ್ತನ್ನು ಆಗಲೇ ಅರ್ಧ ಕಲಿತಿರುತ್ತಾನೆ.

ಎರಡನೆಯ ಮೆಟ್ಟಿಲು ಲೋಗೋ. ಅಮೆರಿಕದ ಕೇಂಬ್ರಿಜಿನಲ್ಲಿ ೧೯೬೭ರಲ್ಲಿ ಫೊಯರ್‌ಜೈಗ್, ಸೆಮೂರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಮೊದಲಾದವರು ಮಕ್ಕಳಿಗೆಂದೇ ರಚಿಸಿದ ಭಾಷೆಯಿದು. ಇದರಲ್ಲಿ ಆಮೆಯೊಂದು ‘ಮುಂದೆ ನಡೆ, ಬಲಕ್ಕೆ ತಿರುಗು’ ಎಂಬ ಆಜ್ಞೆಗಳಂತೆ ಚಲಿಸಿ ಗೆರೆ ಎಳೆಯುತ್ತದೆ. ಸಮಬಾಹು ತ್ರಿಭುಜವನ್ನು ಬರೆಸಹೊರಟ ಮಗು, ಒಳಕೋನ ೬೦ ಅಂಶವೆಂದು ಪಾಠದಲ್ಲಿ ಓದಿದ್ದರಿಂದ, ಪ್ರತಿ ಮೂಲೆಯಲ್ಲಿಯೂ ೬೦ ಅಂಶ ತಿರುಗಿಸುತ್ತದೆ. ಮೂರು ಬಾಹುಗಳಾದರೂ ಆಕೃತಿ ಮುಚ್ಚುವುದಿಲ್ಲ. ಅದೇ ಆಜ್ಞೆಯನ್ನು ಆರು ಸಲ ನಡೆಸಿದರೆ ಷಡ್ಭುಜವಾಗುತ್ತದೆ! ಆಗ ಮಗು ತಾನೇ ಅಂಗಳದಲ್ಲಿ ಆಮೆಯಂತೆ ನಡೆದು ನೋಡಲಿ. ಹೊರಟ ದಿಕ್ಕಿಗೇ ಮತ್ತೆ ಮುಖಮಾಡಲು ಒಟ್ಟು ೩೬೦ ಅಂಶ ತಿರುಗಬೇಕು. ಮೂರು ಮೂಲೆಗಳಿಗೆ ಹಂಚಿದರೆ ತಲಾ ೧೨೦. ಇಲ್ಲಿ ತಪ್ಪೇ ಗುರುವಾಯಿತು.

ಮೂರನೆಯದು ಸ್ಕ್ರ್ಯಾಚ್. ಎಂಐಟಿಯಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಇದನ್ನು ೨೦೦೭ರಲ್ಲಿ ಲೋಕಕ್ಕೆ ನೀಡಿತು. ಐದರಿಂದ ಏಳು ವರ್ಷದ ಮಕ್ಕಳಿಗಾಗಿ ಸ್ಕ್ರ್ಯಾಚ್ ಜೂನಿಯರ್ ಎಂಬ ಆ್ಯಪ್ ೨೦೧೪ರಲ್ಲಿ ಬಂದಿತು. ಇಲ್ಲಿ ಆಜ್ಞೆಗಳು ಬಣ್ಣದ ಬಿಲ್ಲೆಗಳಾಗಿರುವುದರಿಂದ ಕಾಗುಣಿತದ ತೊಡಕಿಲ್ಲ. ಉಳಿಯುವುದು ಆಲೋಚನೆಯ ದೋಷವೊಂದೇ. ಸ್ಕ್ರ್ಯಾಚನ್ನು ಗಣಕದಲ್ಲಿ ಒಮ್ಮೆ ಅಳವಡಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ನಡೆಯುವುದರಿಂದ ಹಳ್ಳಿಯ ಶಾಲೆಗೂ ಇದು ಎಟುಕುತ್ತದೆ.

ಇವುಗಳ ಬಳಿಕವೇ ಅಕ್ಷರರೂಪದ ಪೈಥಾನ್ ಭಾಷೆ. ಅದರಲ್ಲಿಯೂ ಆಮೆಯುಂಟು; ಹಳೆಯ ತ್ರಿಭುಜವನ್ನೇ ಹೊಸ ಭಾಷೆಯಲ್ಲಿ ಬರೆಯಬಹುದು. ವಿಷಯ ಪರಿಚಿತವಾದುದರಿಂದ ಗಮನವೆಲ್ಲ ವ್ಯಾಕರಣದ ಮೇಲೆ ನಿಲ್ಲುತ್ತದೆ. ವಿಸರ್ಗವನ್ನು ಹೋಲುವ ಕೋಲನ್ ಚಿಹ್ನೆಯೊಂದು ಬಿಟ್ಟುಹೋದರೂ ಯಂತ್ರ ಮುಂದುವರಿಯದು. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಥಾನಿ ಎಂಬ ತಂತ್ರಾಂಶ ಒಂದೊಂದು ಆಜ್ಞೆಯನ್ನೂ ಹೆಜ್ಜೆ ಹೆಜ್ಜೆಯಾಗಿ ನಡೆಸಿ ತೋರಿಸುವುದರಿಂದ ಆರಂಭದವರಿಗೆ ಕೈದೀವಿಗೆಯಂತಿದೆ.

ಈಗ ಮತ್ತೊಂದು ಬಗೆಯ ಸಾಧನ ಮನೆಮನೆಯನ್ನು ಹೊಕ್ಕಿದೆ. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಪ್ರಕಟವಾದಂದಿನಿಂದ, ಕೇಳಿದೊಡನೆ ಸಿದ್ಧ ಪ್ರೋಗ್ರಾಮನ್ನೇ ಬರೆದುಕೊಡುವ ಸೌಕರ್ಯ ವಿದ್ಯಾರ್ಥಿಗಳಿಗೂ ಲಭಿಸಿದೆ. ತ್ರಿಭುಜ ಬೇಕೆಂದರೆ ೧೨೦ ಅಂಶವೆಂದು ಅದು ಬರೆದೀತು. ಆಕೃತಿಯೂ ಸರಿಯಾಗಿ ಮೂಡೀತು. ಆದರೆ ೬೦ ಏಕಾಗದೆಂಬುದನ್ನು ಆ ವಿದ್ಯಾರ್ಥಿ ಎಂದಿಗೂ ಅರಿಯಲಾರ. ಮುಂದೆ ಯಂತ್ರವೇ ತಪ್ಪಿದಾಗ ಅದನ್ನು ಗುರುತಿಸಲಾರ. ಅದನ್ನು ನಿಷೇಧಿಸುವುದರಿಂದ ಕಾರ್ಯ ಸಾಧಿಸದು. ವಿದ್ಯಾರ್ಥಿಯು ಮೊದಲು ತಾನು ಬರೆದು, ತಪ್ಪಿ, ತಿದ್ದಿಕೊಂಡ ಮೇಲೆ ಯಂತ್ರದ ಉತ್ತರವನ್ನು ತನ್ನದರೊಡನೆ ಹೋಲಿಸಲಿ. ಪ್ರತಿ ಸಾಲಿನ ಕಾರಣವನ್ನೂ ಬಾಯಲ್ಲಿ ಹೇಳಲಿ. ಹೇಳಲಾಗದಿದ್ದರೆ ಆ ಸಾಲು ಅವನದಲ್ಲ.

ಸಾಧನಗಳು ಕಾಲಕಾಲಕ್ಕೆ ಬದಲಾಗುತ್ತವೆ. ತಿದ್ದಿ ಕಲಿಯುವ ಕ್ರಮ ಬದಲಾಗದು. ಹೊಸದಾಗಿ ಬಂದ ಯಾವ ಆ್ಯಪನ್ನಾದರೂ ಉಪಾಧ್ಯಾಯರು ಒಂದೇ ಪ್ರಶ್ನೆಯಿಂದ ಪರೀಕ್ಷಿಸಬಹುದು: ಇದು ಮಗುವಿಗೆ ತನ್ನ ತಪ್ಪನ್ನು ತೋರಿಸುತ್ತದೆಯೋ, ಇಲ್ಲವೆ ಮುಚ್ಚುತ್ತದೆಯೋ? ತೋರಿಸುವುದಾದರೆ ಅದು ಮರಳಿನ ಹಾಸು; ಮಗು ಧೈರ್ಯವಾಗಿ ಬೆರಳಿಡಲಿ.