ಕೂಸು ಹಾಲು ಬಿಟ್ಟರೆ ನಾಳೆ ಅನ್ನಬೇಡಿ



ಗದಗ-ಬೆಟಗೇರಿ ಓಣಿಗಳಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಹಳ್ಳಿಗಳಲ್ಲಾಗಲಿ, ಸಂಘದ ಸಭೆಗೆ ಹೋದಾಗ ನಾವು ಕೇಳುವ ಮಾತು ಒಂದೇ: "ಕೂಸು ಮಲಿ ಹಿಡೀವಲ್ದು, ದೃಷ್ಟಿ ಆಗಿರಬೇಕು, ನಾಳೆ ನೋಡೋಣು." ಎಳೆಗೂಸಿನ ರಕ್ತಕ್ಕೆ ನಂಜು ಏರಿದರೆ ಕೆಲವೇ ತಾಸಿನಲ್ಲಿ ಜೀವಕ್ಕೆ ಅಪಾಯ. ನಾಳೆಯ ತನಕ ಅದು ತಡೆಯಲಾರದು.

ಮೊದಲ 28 ದಿನ ನೋಡಬೇಕಾದ ಗುರುತುಗಳು:

1. ಹಾಲು ಕುಡಿಯದೆ ಮಂಕಾಗಿ ಮಲಗುವುದು
2. ಮೈ ಸುಡುವುದು, ಇಲ್ಲವೆ ಕೈಕಾಲು, ಹೊಟ್ಟೆ ತಣ್ಣಗಾಗುವುದು
3. ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಎದೆಗೂಡು ಒಳಸೆಳೆಯುವುದು
4. ಫಿಟ್ಸ್
5. ಹುಟ್ಟಿದ ದಿನವೇ ಕಾಮಾಲೆ, ಅಥವಾ ಅಂಗೈ ಅಂಗಾಲು ಹಳದಿಯಾಗುವುದು
6. ಹೊಕ್ಕಳು ಕೆಂಪಾಗಿ ಕೀವು ಬರುವುದು

ಒಂದೇ ಗುರುತು ಕಂಡರೂ ಆಸ್ಪತ್ರೆಗೆ ಹೊರಡಿರಿ. ಜ್ವರವಿಲ್ಲದೆಯೂ ನಂಜು ಇರಬಹುದು. ಬರೆ ಹಾಕುವುದು, ಹೊಕ್ಕಳಿಗೆ ಬೂದಿ ಹಚ್ಚುವುದು ಬೇಡವೇ ಬೇಡ. ಆ ಗಾಯದಿಂದ, ಬೂದಿಯಿಂದ ಮತ್ತಷ್ಟು ನಂಜು ಸೇರುತ್ತದೆ.

ದಾರಿಯಲ್ಲಿ ಕೂಸಿಗೆ ಕುಲಾಯಿ ಹಾಕಿ, ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇಟ್ಟು, ಮೇಲೆ ಹೊದಿಸಿರಿ. ನುಂಗುತ್ತಿದ್ದರೆ ಎದೆಹಾಲು ಕೊಡಿರಿ.

ರೊಕ್ಕಕ್ಕಾಗಿ ಕಾಯಬೇಡಿ. 108 ಕ್ಕೆ ಫೋನ್ ಮಾಡಿರಿ. ಗದಗದ ಜಿಮ್ಸ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಶೇಷ ಘಟಕವಿದೆ. 2011 ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಶಿಶುವಿಗೆ ಔಷಧ, ತಪಾಸಣೆ, ರಕ್ತ, ವಾಹನ ಎಲ್ಲವೂ ಉಚಿತ.

ಸಂಘದಲ್ಲಿ ಚರ್ಚಿಸಿರಿ: ನಮ್ಮ ಓಣಿಯಲ್ಲಿ ಈಗ ಬಾಣಂತಿ ಯಾರಿದ್ದಾರೆ? ನಡುರಾತ್ರಿ ಆಕೆಯ ಜೊತೆ ಹೋಗುವವರು ಯಾರು? ಆ ಇಬ್ಬರ ಹೆಸರನ್ನು ಇವತ್ತೇ ನಡಾವಳಿ ಪುಸ್ತಕದಲ್ಲಿ ಬರೆಯಿರಿ.